ಐಸ್‌ಲ್ಯಾಂಡ್‌ನ ಕಪ್ಪು ಬೀಚ್ ಶಾಪಗ್ರಸ್ತವೇ? ಒಂದು ದಿನದ ಪ್ರವಾಸ, ಆರು ಫಾರ್ವರ್ಡ್‌ಗಳು ಮತ್ತು ಅವುಗಳ ಅಸಲಿಯತ್ತು

ಇಂಥದ್ದೊಂದು ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಪ್ಪು ಮರಳಿನ ಕಡಲತೀರ. ಒಬ್ಬರು ಸಮುದ್ರಕ್ಕೆ ಬೆನ್ನು ಹಾಕಿ, ಕೈ ಅಗಲಿಸಿ ಫೋಟೊಗೆ ನಿಂತಿದ್ದಾರೆ. ಹಿಂದೆ ಕಡಲು ಶಾಂತವಾಗಿದೆ. ಕೆಲವೇ ಕ್ಷಣಗಳಲ್ಲಿ ಬಿಳಿ ನೊರೆಯ ಗೋಡೆಯೊಂದು ನುಗ್ಗಿ ಬಂದು ಅವರನ್ನು ಕೆಡವುತ್ತದೆ. ಕೆಳಗೆ ಬರಹ: ‘ಇದು ಶಾಪಗ್ರಸ್ತ ಬೀಚ್, ಇಲ್ಲಿ ಸಮುದ್ರಕ್ಕೆ ಬೆನ್ನು ತಿರುಗಿಸಿದವರು ಉಳಿಯುವುದಿಲ್ಲ!’

ಈ ಜಾಗ ನಿಜವಾಗಿಯೂ ಇದೆ. ಹೆಸರು ರೇನಿಸ್‌ಫ್ಯಾರಾ. ಐಸ್‌ಲ್ಯಾಂಡ್ ದೇಶದ ದಕ್ಷಿಣ ಕರಾವಳಿಯಲ್ಲಿ, ವಿಕ್ ಎಂಬ ಪುಟ್ಟ ಊರಿನ ಪಕ್ಕದಲ್ಲಿದೆ. ರಾಜಧಾನಿ ರೇಕ್ಯಾವಿಕ್‌ನಿಂದ ವಿಕ್‌ಗೆ ರಸ್ತೆಯಲ್ಲಿ ಸುಮಾರು 187 ಕಿ.ಮೀ. ಬೆಳಿಗ್ಗೆ ಬಸ್ಸಿನಲ್ಲಿ ಗೈಡ್ ಜೊತೆ ಹೊರಟರೆ ಎರಡು ಜಲಪಾತ, ಒಂದು ಹಿಮನದಿ, ಜ್ವಾಲಾಮುಖಿಗಳ ತಪ್ಪಲು ಮತ್ತು ಈ ಬೀಚ್ ನೋಡಿಕೊಂಡು ಹತ್ತು–ಹನ್ನೊಂದು ಗಂಟೆಯಲ್ಲಿ ವಾಪಸ್ ಬರಬಹುದು. ಶಾರುಖ್ ಖಾನ್–ಕಾಜೋಲ್ ಅಭಿನಯದ 2015ರ ‘ದಿಲ್‌ವಾಲೆ’ ಚಿತ್ರದ ‘ಗೇರುವಾ’ ಹಾಡು ಐಸ್‌ಲ್ಯಾಂಡ್‌ನಲ್ಲಿ ಚಿತ್ರೀಕರಣವಾದ ಮೇಲೆ ಈ ದಾರಿ ಭಾರತೀಯರಿಗೂ ಪರಿಚಿತ.

ಈ ದಾರಿಯ ಬಗ್ಗೆ ಹರಿದಾಡುವ ಆರು ಬಗೆಯ ಹೇಳಿಕೆಗಳನ್ನು ನಾವು ಪ್ರವಾಸದ ಕ್ರಮದಲ್ಲೇ ಪರಿಶೀಲಿಸಿದ್ದೇವೆ. ಮೊದಲು ಸಂಕ್ಷಿಪ್ತ ಉತ್ತರ.

ಒಂದೇ ನೋಟದಲ್ಲಿ

• ‘ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಹೆಸರುಗಳನ್ನು ಶತ್ರುಗಳನ್ನು ಮೋಸಗೊಳಿಸಲು ಅದಲು ಬದಲು ಮಾಡಿದರು’: ಸುಳ್ಳು.
• ‘ಜಲಪಾತದ ಹಿಂದೆ ನಡೆದುಹೋಗುವ ವಿಡಿಯೊ ಗ್ರಾಫಿಕ್ಸ್’: ಸುಳ್ಳು. ಅಂಥ ಜಲಪಾತ ಇದೆ.
• ‘ಕಟ್ಲಾ ಜ್ವಾಲಾಮುಖಿಯ ಅವಧಿ ಮುಗಿದಿದೆ, ಇಂದೋ ನಾಳೆಯೋ ಸಿಡಿಯುತ್ತದೆ’: ದಾರಿ ತಪ್ಪಿಸುವ ಮಾತು.
• ‘ಹಿಮನದಿ ಕಪ್ಪಾಗಿರುವುದು ಕಸದಿಂದ, ನೀಲಿ ಬಣ್ಣ ಎಡಿಟಿಂಗ್’: ಸುಳ್ಳು.
• ‘ಬೀಚಿನಲ್ಲಿ ಬಿದ್ದಿರುವ ವಿಮಾನದಲ್ಲಿದ್ದವರೆಲ್ಲ ಸತ್ತರು’: ಸುಳ್ಳು.
• ‘ಕಪ್ಪು ಬೀಚಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಬಾರದು’: ಶಾಪದ ಕಥೆ ಸುಳ್ಳು, ಎಚ್ಚರಿಕೆ ನೂರಕ್ಕೆ ನೂರು ನಿಜ.

ಹೇಳಿಕೆ 1: ಹೆಸರು ಬದಲಿಸಿ ಮೋಸ ಮಾಡಿದರು

ಐಸ್‌ಲ್ಯಾಂಡ್ ಹಸಿರಾಗಿದೆ, ಗ್ರೀನ್‌ಲ್ಯಾಂಡ್ ಹಿಮದಿಂದ ತುಂಬಿದೆ, ಹಾಗಾಗಿ ಇದು ಬೇಕೆಂದೇ ಮಾಡಿದ ಅದಲುಬದಲು ಎನ್ನುವುದು ಹಳೆಯ ಫಾರ್ವರ್ಡ್. ಆದರೆ ಈ ಎರಡು ಹೆಸರು ಇಟ್ಟವರು ಬೇರೆ ಬೇರೆ. ನಡುವೆ ಸುಮಾರು ಒಂದು ಶತಮಾನಕ್ಕೂ ಹೆಚ್ಚಿನ ಅಂತರವಿದೆ.

ಐಸ್‌ಲ್ಯಾಂಡ್‌ನ ಹಳೆಯ ದಾಖಲೆ ‘ಲಾಂಡ್ನಾಮಬೋಕ್’ ಪ್ರಕಾರ ಫ್ಲೋಕಿ ಎಂಬ ನಾವಿಕ ಒಂಬತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದ. ಬೇಸಿಗೆಯಲ್ಲಿ ಮೀನು ಹಿಡಿಯುತ್ತ ಕೂತು ಹುಲ್ಲು ಕೊಯ್ದಿಡುವುದನ್ನು ಮರೆತ. ಚಳಿಗಾಲದಲ್ಲಿ ಅವನ ದನಕರುಗಳು ಸತ್ತವು. ಬೆಟ್ಟ ಹತ್ತಿ ನೋಡಿದಾಗ ಕಡಲ ಕೊಲ್ಲಿಯ ತುಂಬ ತೇಲುವ ಹಿಮ ಕಂಡಿತು. ಬೇಸತ್ತು ಹೆಸರಿಟ್ಟ. ಇನ್ನು ಗ್ರೀನ್‌ಲ್ಯಾಂಡ್ ಹೆಸರಿಟ್ಟವನು ಹತ್ತನೇ ಶತಮಾನದ ಕೊನೆಯ ಎರಿಕ್. ಒಳ್ಳೆಯ ಹೆಸರಿದ್ದರೆ ಜನ ಬಂದು ನೆಲೆಸುತ್ತಾರೆಂಬುದು ಅವನ ಲೆಕ್ಕ ಎಂದು ಅಲ್ಲಿನ ಹಳೆಯ ಕಥನಗಳು ಹೇಳುತ್ತವೆ. ಅದನ್ನು ಬೇಕಿದ್ದರೆ ಜಾಹೀರಾತು ಅನ್ನಬಹುದು. ಶತ್ರುಗಳ ಮಾತು ಎಲ್ಲೂ ಇಲ್ಲ.

ಇಂದು ಐಸ್‌ಲ್ಯಾಂಡ್‌ನ ನೆಲದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಹಿಮನದಿಗಳಿಂದ ಮುಚ್ಚಿದೆ. ಬೆಚ್ಚನೆಯ ಸಾಗರ ಪ್ರವಾಹ ಹತ್ತಿರದಲ್ಲೇ ಹಾದುಹೋಗುವುದರಿಂದ ರೇಕ್ಯಾವಿಕ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶವೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಪ್ರವಾಸಿಗರನ್ನು ನಡುಗಿಸುವುದು ಚಳಿಗಿಂತ ಹೆಚ್ಚಾಗಿ ಗಾಳಿ ಮತ್ತು ಮಳೆ.

ಹೇಳಿಕೆ 2: ಜಲಪಾತದ ಹಿಂದೆ ನಡೆಯುವುದು ಗ್ರಾಫಿಕ್ಸ್

ದಾರಿಯಲ್ಲಿ ಸಿಗುವ ಸೆಲ್ಯಾಲಾಂಡ್ಸ್‌ಫಾಸ್ ಸುಮಾರು 60 ಮೀಟರ್ ಎತ್ತರದಿಂದ ಬೀಳುತ್ತದೆ. ‘ಫಾಸ್’ ಎಂದರೆ ಅಲ್ಲಿನ ಭಾಷೆಯಲ್ಲಿ ಜಲಪಾತ. ನೀರಿನ ಪರದೆಯ ಹಿಂದೆ ಬಂಡೆ ಒಳಕ್ಕೆ ಕೊರೆದುಹೋಗಿ ಗುಹೆಯಂತಾಗಿದೆ, ಅದರೊಳಗೆ ಕಾಲುದಾರಿಯಿದೆ. ವಿಡಿಯೊ ನಿಜ.

ಮೆತ್ತಗಿನ ಪದರ ಬೇಗ ಸವೆಯುತ್ತದೆ, ಮೇಲಿನ ಗಟ್ಟಿ ಲಾವಾ ಪದರ ಉಳಿಯುತ್ತದೆ. ಹೀಗೆ ಬಂಡೆಯ ಬುಡ ಟೊಳ್ಳಾಗುತ್ತದೆ. ಇನ್ನೂ ಸ್ವಾರಸ್ಯದ ವಿಷಯವೆಂದರೆ, ಈ ಬಂಡೆಗೋಡೆಯೇ ಒಂದು ಕಾಲದಲ್ಲಿ ಸಮುದ್ರದ ದಂಡೆಯಾಗಿತ್ತು. ಹಿಮಯುಗ ಮುಗಿದು ಹಿಮದ ಭಾರ ಇಳಿದಾಗ ನೆಲ ಮೇಲೆದ್ದಿತು. ಹಿಮನದಿಗಳ ಪ್ರವಾಹ ತಂದ ಮರಳು ಮುಂದೆ ತುಂಬಿಕೊಂಡಿತು. ಕಡಲು ಕೆಲವು ಕಿಲೋಮೀಟರ್ ಹಿಂದೆ ಸರಿಯಿತು, ಗೋಡೆ ಅಲ್ಲೇ ಉಳಿಯಿತು. ಮೇಲಿನಿಂದ ಬರುವ ನದಿಗಳು ಇಂದಿಗೂ ಅದೇ ಹಳೆಯ ದಂಡೆಯಿಂದ ಧುಮುಕುತ್ತವೆ.

ಮುಂದಿನ ಸ್ಕೋಗಾಫಾಸ್ ಕೂಡ ಇಷ್ಟೇ ಎತ್ತರ, ಅಗಲ ಸುಮಾರು 25 ಮೀಟರ್. ಬಿಸಿಲಿದ್ದರೆ ಎದುರಿಗೆ ಕಾಮನಬಿಲ್ಲು ಮೂಡುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ, ತುಂತುರು ನಿಮ್ಮ ಮುಂದೆ ಇರಬೇಕು, ಅಷ್ಟೇ. ಹಾಗಾಗಿ ಅದೂ ಎಡಿಟಿಂಗ್ ಅಲ್ಲ.

ವಿಡಿಯೊದಲ್ಲಿ ಕಾಣದ ಒಂದು ಸಂಗತಿ ಇದೆ. ಚಳಿಗಾಲದಲ್ಲಿ ಆ ತುಂತುರು ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ, ಕಾಲುದಾರಿ ಗಾಜಿನಂತೆ ಜಾರುತ್ತದೆ. ಆಗ ಹಿಂದಿನ ದಾರಿಯನ್ನು ಮುಚ್ಚುತ್ತಾರೆ. ಮುಚ್ಚಿದ ಹಗ್ಗವನ್ನು ದಾಟಿ ಹೋಗುವುದು ಸಾಹಸವಲ್ಲ, ಮೂರ್ಖತನ.

ಹೇಳಿಕೆ 3: ಕಟ್ಲಾದ ಅವಧಿ ಮುಗಿದಿದೆ, ಅಲ್ಲಿಗೆ ಹೋಗಬೇಡಿ

ಎರಡು ಜಲಪಾತಗಳ ನಡುವೆ ಬಸ್ಸಿನ ಎಡಗಡೆಗೆ ಕಾಣುವ ಬಿಳಿ ಟೋಪಿಯ ಬೆಟ್ಟ ಐಯಾಫ್ಯಾಟ್ಲಾಯೋಕುಲ್. 2010ರ ಏಪ್ರಿಲ್‌ನಲ್ಲಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿದ್ದು ಇದೇ. ಸುಮಾರು ಒಂದು ಲಕ್ಷ ವಿಮಾನಯಾನ ರದ್ದಾಯಿತು, ಅಂದಾಜು ಒಂದು ಕೋಟಿ ಪ್ರಯಾಣಿಕರಿಗೆ ತೊಂದರೆಯಾಯಿತು.

ಇದು ಅಷ್ಟು ದೊಡ್ಡ ಸ್ಫೋಟವೇನಲ್ಲ. ತೊಂದರೆ ಕೊಟ್ಟಿದ್ದು ಬೂದಿ. ಮೇಲೆ ಹಿಮ, ಕೆಳಗೆ ಕುದಿಯುವ ಶಿಲಾಪಾಕ. ಎರಡೂ ಸೇರಿದಾಗ ನೀರು ಕ್ಷಣದಲ್ಲಿ ಉಗಿಯಾಗಿ ಸಿಡಿಯುತ್ತದೆ, ಶಿಲಾಪಾಕ ಗಾಜಿನ ಹುಡಿಯಂತೆ ಪುಡಿಯಾಗುತ್ತದೆ. ಈ ಹುಡಿ ಜೆಟ್ ಎಂಜಿನ್ ಒಳಗೆ ಹೋದರೆ ಶಾಖಕ್ಕೆ ಕರಗಿ ಅಲ್ಲೇ ಅಂಟಿಕೊಂಡು ಎಂಜಿನ್ ನಿಲ್ಲಿಸಬಲ್ಲದು.

ಇದರ ಪೂರ್ವಕ್ಕೆ ಮಿರ್ದಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮದ ಹಾಸಿನ ಕೆಳಗಿದೆ ಕಟ್ಲಾ. ಇದರ ಕೊನೆಯ ದೊಡ್ಡ ಸ್ಫೋಟ 1918ರ ಅಕ್ಟೋಬರ್ 12ರಂದು ಶುರುವಾಯಿತು. ಕರಗಿದ ಹಿಮ ಭಾರೀ ಪ್ರವಾಹವಾಗಿ ನುಗ್ಗಿ, ಹೊತ್ತು ತಂದ ಮರಳು–ಕಲ್ಲುಗಳಿಂದ ಕರಾವಳಿಯನ್ನೇ ಮುಂದಕ್ಕೆ ಚಾಚಿತು. ಹಿಂದೆ ಕಟ್ಲಾ ಸಾಮಾನ್ಯವಾಗಿ 40ರಿಂದ 80 ವರ್ಷಗಳಿಗೊಮ್ಮೆ ಸಿಡಿದಿದೆ. 1918ರಿಂದ ಈಗ ನೂರು ವರ್ಷ ದಾಟಿದೆ. ಫಾರ್ವರ್ಡ್ ಮಾಡುವವರು ಹಿಡಿದುಕೊಂಡಿರುವುದು ಈ ಲೆಕ್ಕವನ್ನೇ.

ಆದರೆ ಜ್ವಾಲಾಮುಖಿಗೆ ಬಸ್ಸಿನಂತೆ ವೇಳಾಪಟ್ಟಿ ಇಲ್ಲ. 40–80 ವರ್ಷ ಎನ್ನುವುದು ಕಳೆದದ್ದರ ಸರಾಸರಿ, ಬರುವುದರ ತಾರೀಕಲ್ಲ. ಕಟ್ಲಾ ಮತ್ತೆ ಸಿಡಿಯುವುದು ಖಚಿತ, ಯಾವಾಗ ಎಂದು ವರ್ಷಗಳ ಮುಂಚೆ ಹೇಳಲು ಯಾರಿಂದಲೂ ಆಗದು. ಆಗುವುದು ಎಂದರೆ ನೆಲದ ಕಂಪನ, ಉಬ್ಬರ, ನದಿನೀರಿನ ರಾಸಾಯನಿಕ ಬದಲಾವಣೆಗಳ ಮೇಲೆ ಹಗಲಿರುಳು ಕಣ್ಣಿಡುವುದು. ಅದನ್ನು ಐಸ್‌ಲ್ಯಾಂಡ್ ಹವಾಮಾನ ಇಲಾಖೆ ಮಾಡುತ್ತಿದೆ. ಅಪಾಯ ಕಂಡರೆ ಆ ಪ್ರದೇಶದಲ್ಲಿರುವ ಮೊಬೈಲ್‌ಗಳಿಗೆ ಸಂದೇಶ ಹೋಗುತ್ತದೆ. ವಿಕ್ ಊರಿನವರಿಗೆ ಎಲ್ಲಿಗೆ ಓಡಬೇಕೆಂದು ಗೊತ್ತು: ಗುಡ್ಡದ ಮೇಲಿರುವ ಚರ್ಚ್‌ಗೆ.

ಇನ್ನೊಂದು ಗೊಂದಲ: 2021ರಿಂದ ಸುದ್ದಿಯಲ್ಲಿರುವ ಲಾವಾ ಹರಿವು, 2023ರ ನವೆಂಬರ್‌ನಲ್ಲಿ ಜನರನ್ನು ಸ್ಥಳಾಂತರಿಸಿದ ಗ್ರಿಂಡವಿಕ್ ಪಟ್ಟಣ, ಇವೆಲ್ಲ ಇರುವುದು ದೇಶದ ನೈಋತ್ಯ ಮೂಲೆಯ ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ. ಅಲ್ಲಿ ಹಿಮದ ಹೊದಿಕೆ ಇಲ್ಲದ ಬಿರುಕುಗಳಿಂದ ಲಾವಾ ಉಕ್ಕಿ ಹರಿಯುತ್ತದೆ, ಬೂದಿ ಕಡಿಮೆ. ಕಟ್ಲಾಗೂ ಅದಕ್ಕೂ ಸಂಬಂಧ ಕಲ್ಪಿಸುವ ಸಂದೇಶ ಬಂದರೆ ಅಳಿಸಿಬಿಡಿ.

ಹೇಳಿಕೆ 4: ಹಿಮನದಿ ಕಪ್ಪಾಗಿರುವುದು ಕಸದಿಂದ

ಮಿರ್ದಾಲ್ಸ್‌ಯೋಕುಲ್‌ನಿಂದ ಕೆಳಗಿಳಿಯುವ ನಾಲಿಗೆಯೇ ಸೋಲ್‌ಹೇಮಾಯೋಕುಲ್ ಹಿಮನದಿ. ಬಿಳಿ ಹಿಮ ನೋಡಲು ಹೋದವರಿಗೆ ಮೊದಲು ಕಾಣುವುದು ಬೂದು, ಕಪ್ಪು ಪಟ್ಟೆಗಳು. ಅದು ಪ್ಲಾಸ್ಟಿಕ್ ಸುಟ್ಟ ಮಸಿಯೂ ಅಲ್ಲ, ಕಸವೂ ಅಲ್ಲ. ಜ್ವಾಲಾಮುಖಿಗಳು ಉಗುಳಿದ ಬೂದಿ. ಹಿಮದ ಪದರಗಳ ನಡುವೆ ಹೂತಿದ್ದ ಬೂದಿ ಹಿಮ ಕರಗಿದಂತೆ ಮೇಲೆ ಬರುತ್ತದೆ. ಬೂದಿಯ ತೆಳು ಪದರ ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ದಪ್ಪ ಪದರ ಕಂಬಳಿಯಂತೆ ಮುಚ್ಚಿ ಅದೇ ಹಿಮವನ್ನು ಕಾಪಾಡುತ್ತದೆ. ಅಲ್ಲಲ್ಲಿ ಕಾಣುವ ಕಪ್ಪು ಗೋಪುರಗಳು ಹುಟ್ಟುವುದು ಹೀಗೆ.

ನೀಲಿ ಬಣ್ಣವೂ ನಿಜ. ಹೊಸ ಹಿಮದಲ್ಲಿ ಗಾಳಿಗುಳ್ಳೆ ತುಂಬಿರುವುದರಿಂದ ಬೆಳಕು ಎಲ್ಲ ದಿಕ್ಕಿಗೂ ಚದುರಿ ಬಿಳಿಯಾಗಿ ಕಾಣುತ್ತದೆ. ವರ್ಷಗಟ್ಟಲೆ ಭಾರ ಬಿದ್ದು ಗುಳ್ಳೆಗಳು ಹಿಂಡಿಹೋದ ಹಿಮದಲ್ಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಹಿಮ ಅದರಲ್ಲಿನ ಕೆಂಪನ್ನು ಹೀರಿಕೊಳ್ಳುತ್ತದೆ, ನೀಲಿ ಹೊರಬರುತ್ತದೆ. ಆಕಾಶದ ಪ್ರತಿಬಿಂಬ ಇದಲ್ಲ.

ಹಿಮನದಿಯಿಂದ ಹೊರಡುವ ನದಿಯ ಹತ್ತಿರ ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್, ಕೆಳಗಿರುವ ಕಟ್ಲಾದ ಉಸಿರು. ಸ್ಥಳೀಯರು ಈ ನದಿಗೆ ‘ನಾರುವ ತೊರೆ’ ಎಂಬ ಅಡ್ಡಹೆಸರನ್ನೇ ಇಟ್ಟಿದ್ದಾರೆ.

ಈ ಹಿಮನದಿ ಹಿಂದೆ ಸರಿಯುತ್ತಿದೆ. 2010ರಿಂದ ಹತ್ತಿರದ ಪಟ್ಟಣದ ಶಾಲಾ ಮಕ್ಕಳು ಪ್ರತಿವರ್ಷ ಶರತ್ಕಾಲದಲ್ಲಿ ಬಂದು ಅದರ ಅಂಚು ಎಷ್ಟು ಸರಿದಿದೆ ಎಂದು ಅಳೆಯುತ್ತಾರೆ. ಮೊದಲು ಹಿಮವಿದ್ದ ಜಾಗದಲ್ಲಿ ಈಗ ಕೆರೆ ಇದೆ. ‘ಹವಾಮಾನ ಬದಲಾವಣೆ ಬರೀ ಬೊಗಳೆ’ ಎನ್ನುವ ಫಾರ್ವರ್ಡ್‌ಗೆ ಈ ಮಕ್ಕಳ ಅಳತೆಯೇ ಉತ್ತರ. ದೇಶದ ಪಶ್ಚಿಮದ ಓಕ್ ಹಿಮನದಿಯಂತೂ 2014ರಲ್ಲಿ ಹಿಮನದಿ ಎಂಬ ಸ್ಥಾನವನ್ನೇ ಕಳೆದುಕೊಂಡಿತು. 2019ರ ಆಗಸ್ಟ್‌ನಲ್ಲಿ ಅಲ್ಲಿ ಸ್ಮಾರಕ ಫಲಕ ಹಾಕಲಾಯಿತು.

ಇಲ್ಲಿ ಗೈಡ್ ಇಲ್ಲದೆ ಹಿಮದ ಮೇಲೆ ಹೆಜ್ಜೆ ಇಡಬೇಡಿ. ಆಳವಾದ ಬಿರುಕುಗಳ ಮೇಲೆ ತೆಳು ಹಿಮದ ಮುಚ್ಚಳ ಇರಬಹುದು. ಗೈಡ್ ದಾರಿ ನೋಡುತ್ತಾರೆ, ಬೂಟಿಗೆ ಕ್ರ್ಯಾಂಪಾನ್ ಎಂಬ ಲೋಹದ ಮುಳ್ಳು ಕಟ್ಟಿಸುತ್ತಾರೆ, ಹೆಲ್ಮೆಟ್ ಕೊಡುತ್ತಾರೆ. ಹಾಗೆಂದು ಗೈಡ್ ಇದ್ದರೆ ಅಪಾಯವೇ ಇಲ್ಲ ಎಂದೂ ಅಲ್ಲ. 2024ರ ಆಗಸ್ಟ್‌ನಲ್ಲಿ ಇನ್ನೂ ಪೂರ್ವದ ಬ್ರೇಯ್ಡಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಗೈಡ್ ಜೊತೆ ಹೋದ ಗುಂಪಿನ ಮೇಲೆ ಹಿಮ ಕುಸಿದು ಒಬ್ಬರು ಸತ್ತರು. ಬೇಸಿಗೆಯಲ್ಲಿ ಹಿಮದ ಗುಹೆಗಳು ಕರಗಿ ದುರ್ಬಲವಾಗಿರುತ್ತವೆ.

ಹೇಳಿಕೆ 5: ವಿಮಾನದಲ್ಲಿದ್ದವರೆಲ್ಲ ಸತ್ತರು

ಸೋಲ್‌ಹೇಮಾಸಾಂಡುರ್ ಎಂಬ ಕಪ್ಪು ಬಯಲಿನಲ್ಲಿ ವಿಮಾನದ ಒಂದು ಬಿಳಿ ಅಸ್ಥಿಪಂಜರ ಬಿದ್ದಿದೆ. ‘ಗೇರುವಾ’ ಹಾಡಿನಲ್ಲೂ ಅದನ್ನು ನೋಡಿದ್ದೀರಿ. ಇದು ಅಮೆರಿಕದ ನೌಕಾಪಡೆಯ ವಿಮಾನ. 1973ರ ನವೆಂಬರ್‌ನಲ್ಲಿ ತುರ್ತಾಗಿ ಇಲ್ಲಿ ಇಳಿಯಿತು. ಅದರಲ್ಲಿದ್ದ ಎಲ್ಲರೂ ಬದುಕಿದರು. ದೆವ್ವದ ಕಥೆಗೆ ಆಧಾರವೇ ಇಲ್ಲ.

ಆದರೆ ವಿಮಾನ ನೋಡಲು ಹೋದವರು ಸತ್ತಿದ್ದಾರೆ. ರಸ್ತೆಯಿಂದ ಅಲ್ಲಿಗೆ ನಡೆಯಲು ಒಂದು ಬದಿಗೇ ಮೂರೂವರೆ ಕಿಲೋಮೀಟರ್‌ಗೂ ಹೆಚ್ಚು. ಮರವಿಲ್ಲ, ನೆರಳಿಲ್ಲ, ಗಾಳಿ ತಡೆಯುವ ಒಂದು ಗೋಡೆಯೂ ಇಲ್ಲ. 2020ರ ಜನವರಿಯಲ್ಲಿ ಇಬ್ಬರು ಪ್ರವಾಸಿಗರು ಈ ದಾರಿಯಲ್ಲಿ ಶವವಾಗಿ ಸಿಕ್ಕರು. ಡಿಸೆಂಬರ್ ಕೊನೆ–ಜನವರಿ ಆರಂಭದಲ್ಲಿ ಇಲ್ಲಿ ಹಗಲು ನಾಲ್ಕೈದು ಗಂಟೆ ಮಾತ್ರ. ಹಾಡಿನಲ್ಲಿ ತೆಳು ಸೀರೆ ಉಟ್ಟಿದ್ದನ್ನು ನೋಡಿ ಬಟ್ಟೆ ಆರಿಸಿಕೊಳ್ಳಬೇಡಿ. ಶಾಟ್ ಮುಗಿದ ಕೂಡಲೇ ಕಂಬಳಿ ಹೊದಿಸಲು ಅಲ್ಲಿ ಚಿತ್ರತಂಡ ಇರುತ್ತದೆ, ನಿಮಗೆ ಇರುವುದಿಲ್ಲ.

ಹೇಳಿಕೆ 6: ಶಾಪಗ್ರಸ್ತ ಕಪ್ಪು ಬೀಚ್

ಈಗ ಮೊದಲಿನ ವಿಡಿಯೊಗೆ ಬರೋಣ.

ಮರಳು ಕಪ್ಪಾಗಿರುವುದಕ್ಕೆ ಶಾಪ ಬೇಕಿಲ್ಲ. ಇಲ್ಲಿನ ಕಲ್ಲು ಬಸಾಲ್ಟ್. ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿರುವ ಖನಿಜಗಳಿಂದ ಅದು ಕಪ್ಪು. ಅದು ಸವೆದು ಮರಳಾದರೂ ಕಪ್ಪೇ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲೂ ಬಸಾಲ್ಟೇ. ಅಲ್ಲಿನ ಎರೆಮಣ್ಣು ಹುಟ್ಟಿದ್ದೂ ಹೆಚ್ಚಾಗಿ ಅದರಿಂದಲೇ.

ಬೀಚಿನ ಪಕ್ಕದ ಬೆಟ್ಟದಲ್ಲಿ ಯಾರೋ ಕೆತ್ತಿ ಜೋಡಿಸಿದಂತೆ ಕಾಣುವ ಕಲ್ಲಿನ ಕಂಬಗಳೂ ನೈಸರ್ಗಿಕ. ಲಾವಾ ನಿಧಾನವಾಗಿ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಬಿರುಕುಗಳು ಕೂಡಿ ಐದಾರು ಮೂಲೆಯ ಕಂಬಗಳಾಗುತ್ತವೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿರುವ ಕಂಬಗಳು ಹುಟ್ಟಿದ್ದೂ ಇದೇ ರೀತಿ. ಅವು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಕೋಟಿಗಟ್ಟಲೆ ವರ್ಷ ಹಳೆಯ ಲಾವಾ. ಕಡಲಲ್ಲಿ ನಿಂತ ಚೂಪು ಬಂಡೆಗಳು ಸೂರ್ಯೋದಯಕ್ಕೆ ಸಿಕ್ಕು ಕಲ್ಲಾದ ರಾಕ್ಷಸರು ಎಂಬುದು ಅಲ್ಲಿನ ಜಾನಪದ. ಕೇಳಲು ಚೆಂದ, ವರದಿಯಲ್ಲ.

ಆದರೆ ಅಲೆ ನಿಜ. 2007ರಿಂದ 2025ರವರೆಗೆ ಈ ಒಂದು ಬೀಚಿನಲ್ಲಿ ಆರು ಜನರನ್ನು ಸಮುದ್ರ ಎಳೆದುಕೊಂಡು ಕೊಂದಿದೆ. 2025ರ ಆಗಸ್ಟ್‌ನಲ್ಲಿ ಸತ್ತದ್ದು ಒಂದು ಮಗು. ಕೂದಲೆಳೆಯಲ್ಲಿ ಪಾರಾದವರು ಇನ್ನೆಷ್ಟೋ.

ಹೀಗೇಕೆ? ದಕ್ಷಿಣಕ್ಕೆ ತೆರೆದ ಅಟ್ಲಾಂಟಿಕ್ ಸಾಗರ. ಎಲ್ಲೋ ದೂರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ತಡೆಯಿಲ್ಲದೆ ಬರುತ್ತವೆ. ಹಾಗಾಗಿ ಬೀಚಿನಲ್ಲಿ ಬಿಸಿಲಿದ್ದು, ಗಾಳಿ ಇಲ್ಲದಿದ್ದರೂ ಅಲೆ ದೊಡ್ಡದಿರಬಹುದು. ಬೇರೆ ಬೇರೆ ವೇಗದ ಅಲೆಗಳು ಬರುತ್ತಿರುವಾಗ ಒಮ್ಮೊಮ್ಮೆ ಒಂದರ ನೆತ್ತಿ ಇನ್ನೊಂದರ ನೆತ್ತಿಯ ಮೇಲೆ ಕೂರುತ್ತದೆ. ಆಗ ಒಂದೇ ದೊಡ್ಡ ಅಲೆ ಏಳುತ್ತದೆ. ಇಲ್ಲಿ ಕಡಲ ತಳ ದಡದ ಹತ್ತಿರವೇ ಕಡಿದಾಗಿ ಇಳಿಯುವುದರಿಂದ ಆ ಅಲೆಯ ಬಲ ದಾರಿಯಲ್ಲಿ ಕುಗ್ಗುವುದಿಲ್ಲ, ನೇರ ದಡಕ್ಕೆ ಅಪ್ಪಳಿಸಿ ಮೇಲೇರುತ್ತದೆ. ಹತ್ತು ನಿಮಿಷ ಪಾದ ಒದ್ದೆಯಾಗದಷ್ಟು ಸುಮ್ಮನಿದ್ದ ಕಡಲು ಹನ್ನೊಂದನೇ ನಿಮಿಷಕ್ಕೆ ಹತ್ತಾರು ಮೀಟರ್ ಒಳಗೆ ನುಗ್ಗುತ್ತದೆ. ಇಂಗ್ಲಿಷಿನವರು ಇದನ್ನು ‘ಸ್ನೀಕರ್ ವೇವ್’ ಎನ್ನುತ್ತಾರೆ. ನಾವು ಕಳ್ಳ ಅಲೆ ಎನ್ನಬಹುದು.

ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಮೊಣಕಾಲಷ್ಟೇ ನೀರಾದರೂ ಓಡಿ ಬಂದರೆ ಗಟ್ಟಿಮುಟ್ಟಾದವರನ್ನೂ ಉರುಳಿಸುತ್ತದೆ. ವಾಪಸ್ ಹೋಗುವ ನೀರು ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ, ಎದ್ದು ನಿಲ್ಲಲು ನೆಲವೇ ಸಿಗದು. ಬಟ್ಟೆ ಒದ್ದೆಯಾಗಿ ಭಾರವಾಗುತ್ತದೆ. ಅಷ್ಟು ತಣ್ಣನೆಯ ನೀರಿಗೆ ಬಿದ್ದ ಮೊದಲ ಒಂದು ನಿಮಿಷ ದೇಹ ತಾನಾಗಿ ಏದುಸಿರು ಬಿಡುತ್ತದೆ, ಆಗ ನೀರು ಒಳಗೆ ಹೋಗುತ್ತದೆ. ಈಜು ಬರುತ್ತದೆ ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಬೀಚಿನಲ್ಲಿ ಜೀವರಕ್ಷಕರು ಇಲ್ಲ. ನಿಮ್ಮನ್ನು ಉಳಿಸಲು ಇನ್ನೊಬ್ಬರು ನೀರಿಗೆ ಇಳಿದರೆ ಸಾವು ಎರಡಾಗಬಹುದು.

ಆದ್ದರಿಂದ ‘ಬೆನ್ನು ಹಾಕಬೇಡಿ’ ಎಂಬ ಮಾತು ನಿಜ. ಆದರೆ ಅದಕ್ಕೆ ಶಾಪದ ಕಥೆ ಸೇರಿಸಿದ್ದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಶಾಪವನ್ನು ನಂಬದವರು ನಕ್ಕು ನೀರಿನತ್ತ ನಡೆಯುತ್ತಾರೆ. ಭೌತಶಾಸ್ತ್ರವನ್ನು ನಂಬಲಿ, ಬಿಡಲಿ, ಅಲೆ ಬಂದೇ ಬರುತ್ತದೆ.

ನೀವು ಅಥವಾ ನಿಮ್ಮವರು ಹೋಗುವುದಾದರೆ

• ಬೀಚಿನ ದಾರಿಯಲ್ಲಿ ಬಣ್ಣದ ಎಚ್ಚರಿಕೆ ದೀಪವಿದೆ. ಮೊದಲು ಅದನ್ನು ನೋಡಿ. ಕೆಂಪು ಇದ್ದರೆ ಮೇಲಿನಿಂದಲೇ ನೋಡಿ ಹಿಂತಿರುಗಿ.
• ನೀರಿನ ಅಂಚಿನಿಂದ ಕನಿಷ್ಠ 30 ಮೀಟರ್ ದೂರವಿರಿ. ಮರಳು ಒದ್ದೆಯಾಗಿದ್ದರೆ ಅಲೆ ಅಲ್ಲಿಯವರೆಗೂ ಬಂದಿತ್ತು ಎಂದೇ ಅರ್ಥ.
• ಫೋಟೊ ತೆಗೆಯುವವರು ಮತ್ತು ತೆಗೆಸಿಕೊಳ್ಳುವವರು ಇಬ್ಬರಲ್ಲಿ ಒಬ್ಬರ ಕಣ್ಣಾದರೂ ಸದಾ ಕಡಲ ಮೇಲಿರಲಿ.
• ಮಕ್ಕಳ ಕೈ ಬಿಡಬೇಡಿ. ಬಸ್ಸಿನ ಗೈಡ್ ನಲವತ್ತು ಜನರನ್ನು ಕಾಯಲಾರರು.
• ಕಂಬಗಳ ಕೆಳಗಿನ ಗುಹೆಯಲ್ಲಿ ನಿಂತಾಗ ಅಲೆ ಬಂದರೆ ಓಡಲು ದಾರಿ ಇರದು. ಬೆಟ್ಟದಿಂದ ಕಲ್ಲು ಉರುಳುವುದೂ ಉಂಟು.
• ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಧುಮುಕಬೇಡಿ. 112ಕ್ಕೆ ಕರೆ ಮಾಡಿ. ನಮ್ಮಲ್ಲಿರುವ ತುರ್ತು ಸಂಖ್ಯೆಯೇ ಅಲ್ಲಿಯೂ.
• ಗಾಳಿಯ ಮುನ್ಸೂಚನೆ ಕೆಟ್ಟದಾಗಿದ್ದರೆ ಪ್ರವಾಸ ರದ್ದಾಗಬಹುದು. ಅದಕ್ಕಾಗಿ ಜಗಳ ಆಡಬೇಡಿ, ಒಂದು ದಿನ ಹೆಚ್ಚುವರಿ ಇಟ್ಟುಕೊಂಡು ಹೋಗಿ.

ನಮ್ಮ ತೀರ್ಮಾನ

ಈ ಒಂದು ದಿನದ ದಾರಿಯಲ್ಲಿ ಜನ ಹೆದರುವುದು ಜ್ವಾಲಾಮುಖಿಗೆ. ಅದರ ಮೇಲೆ ಯಂತ್ರಗಳ ಕಣ್ಣಿದೆ, ಎಚ್ಚರಿಕೆಯ ವ್ಯವಸ್ಥೆಯಿದೆ. ಜನ ಹೆದರದೆ ನಗುತ್ತ ನಿಲ್ಲುವುದು ಅಲೆಯ ಮುಂದೆ. ಸಾವು ಬರುತ್ತಿರುವುದು ಅಲ್ಲಿಂದ. ವಿದೇಶದಲ್ಲಿ ಓದುವ ಮಗಳೋ, ಪ್ರವಾಸ ಹೊರಟ ಅಣ್ಣನೋ ಈ ದಾರಿ ಹಿಡಿಯುವವರಿದ್ದರೆ ಅವರಿಗೆ ಶಾಪದ ವಿಡಿಯೊ ಕಳಿಸಬೇಡಿ. ಒಂದೇ ಸಾಲು ಕಳಿಸಿ: ‘ಮರಳು ಒದ್ದೆ ಇರುವ ಕಡೆ ನಿಲ್ಲಬೇಡ, ಕಡಲಿಗೆ ಬೆನ್ನು ಹಾಕಬೇಡ.’ ಫಾರ್ವರ್ಡ್ ಮಾಡಲು ಅಷ್ಟು ಸಾಕು.